ಬಾಸ್ ಸಿಇ-2ಡಬ್ಲ್ಯೂ ಕೋರಸ್ ಪೆಡಲ್: ಗಾಥ್ ರಾಕ್ ರೆಕಾರ್ಡಿಂಗಿಗೆ ಹೇಗಿದೆ?

ಎಂಬತ್ತರ ದಶಕದ ಇಂಗ್ಲೆಂಡಿನ ಗಾಥ್ ರಾಕ್ (ಕತ್ತಲೆ, ವಿಷಾದ ತುಂಬಿದ ರಾಕ್) ಗಿಟಾರಿನ ಒದ್ದೆ, ತಣ್ಣನೆಯ ದನಿಯಲ್ಲಿ ಕೋರಸ್ಸಿನ ಪಾಲು ದೊಡ್ಡದು. ಕೋರಸ್ ಎಂದರೆ ದನಿಯ ತುಸು ತಡವಾದ, ಅಲುಗಾಡುವ ಪ್ರತಿಯನ್ನು ಮೂಲ ದನಿಗೆ ಬೆರೆಸುವುದು. ಆ ಸದ್ದಿಗೆ ಈ ಪೆಡಲ್ ಚೆನ್ನಾಗಿ ಒಗ್ಗುತ್ತದೆ. ಬಾಸ್ ಕಂಪನಿಯದೇ ಹಳೆಯ ಕೋರಸ್‌ಗಳಾದ 1979ರ ಸಿಇ-2, 1976ರ ಸಿಇ-1 ಎರಡರ ಗುಣವೂ ಒಂದೇ ಡಬ್ಬಿಯಲ್ಲಿದೆ. ನಾಬ್‌ಗಳು ಎರಡೇ: ರೇಟ್ (ಅಲುಗಾಟದ ವೇಗ), ಡೆಪ್ತ್ (ಅಲುಗಾಟದ ಪ್ರಮಾಣ).

ಮೈನರ್ ಕಾರ್ಡನ್ನು ತಂತಿ ತಂತಿಯಾಗಿ ಬಿಡಿಸಿ ನುಡಿಸುವಾಗ ರೇಟನ್ನು ಗಡಿಯಾರದ ಒಂಬತ್ತು ಗಂಟೆಯ ಜಾಗದಲ್ಲಿ, ಡೆಪ್ತನ್ನು ಹನ್ನೆರಡರಲ್ಲಿಡಿ. ರೇಟ್ ಏರಿಸಿದರೆ ವಿಷಾದ ಹೋಗಿ ತಲೆಸುತ್ತು ಬರುತ್ತದೆ. ಪೆಡಲಿನ ಇನ್ನೊಂದು ಮೋಡ್ ಆದ ವೈಬ್ರಾಟೊದಲ್ಲಿ ಮೂಲ ದನಿ ಬೆರೆಯುವುದಿಲ್ಲ, ಶ್ರುತಿಯೇ ತೂಗಾಡುತ್ತದೆ. ಅದು ಹಾಡಿನ ಕೊನೆಗೆ ನಾಲ್ಕು ಬಾರ್ (ತಾಳದ ಆವರ್ತ) ಇದ್ದರೆ ಸಾಕು.

ನಿಜವಾದ ಪೇಚು ಬೇಸ್ ಗಿಟಾರಿನದು. ಗಾಥ್ ಹಾಡಿನಲ್ಲಿ ರಾಗ ಹೊರುವುದು ಅನೇಕ ಸಲ ಅದೇ, ಹಾಗಾಗಿ ಕೋರಸ್ ಹಾಕುವ ಆಸೆ ಸಹಜ. ಆದರೆ ಕೆಳಸ್ವರಗಳು ಅಲುಗಾಡಿ ಡ್ರಮ್ ಮಷೀನಿನ ಕಿಕ್ (ದಪ್ಪ ಡ್ರಮ್ಮಿನ ಬಡಿತ) ಜೊತೆಗಿನ ಹಿಡಿತ ತಪ್ಪುತ್ತದೆ. ಡಿಐ ಬಾಕ್ಸಿನಿಂದ (ಗಿಟಾರನ್ನು ನೇರವಾಗಿ ರೆಕಾರ್ಡಿಂಗಿಗೆ ಜೋಡಿಸುವ ಪೆಟ್ಟಿಗೆ) ಒಂದು ಶುದ್ಧ ಟ್ರ್ಯಾಕ್, ಪೆಡಲಿನಿಂದ ಇನ್ನೊಂದು, ಎರಡನ್ನೂ ಒಟ್ಟಿಗೇ ಹಿಡಿಯಿರಿ. ಕೋರಸ್ ಟ್ರ್ಯಾಕಿನಲ್ಲಿ ಸುಮಾರು 200 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ. ಸೇರಿಸಿದಾಗ ದನಿ ತೆಳುವಾದರೆ ಒಂದು ಟ್ರ್ಯಾಕಿನ ಫೇಸ್ (ಅಲೆಯ ಏರಿಳಿತ) ತಲೆಕೆಳಗಾಗಿ ತಿರುಗಿಸಿ ನೋಡಿ.

ಅನಲಾಗ್ ಆದ್ದರಿಂದ ಸಣ್ಣ ಹಿಸ್ (ಸುಸ್ಸೆನ್ನುವ ಸದ್ದು) ಇದ್ದೇ ಇದೆ. ಸಣ್ಣ-ದೊಡ್ಡ ದನಿಗಳನ್ನು ಸಮಗೊಳಿಸುವ ಕಂಪ್ರೆಸರನ್ನು ಗಿಟಾರಿಗೂ ಈ ಪೆಡಲಿಗೂ ನಡುವೆ ಇಡಿ. ಪೆಡಲಿನ ನಂತರ ಇಟ್ಟರೆ ಮೌನದ ಜಾಗಗಳಲ್ಲೆಲ್ಲ ಆ ಹಿಸ್ಸೇ ಉಬ್ಬಿ ಬರುತ್ತದೆ. ಡಿಜಿಟಲ್ ಡಿಲೇ (ಪ್ರತಿಧ್ವನಿ ಪೆಡಲ್) ಜೊತೆ ಒಂದೇ ಅಡಾಪ್ಟರಿನಿಂದ ಕರೆಂಟ್ ಕೊಟ್ಟರೆ ಕೀರಲು ಸದ್ದು ಸೇರಬಹುದು, ಪ್ರತಿ ಪೆಡಲಿಗೂ ಪ್ರತ್ಯೇಕ ಕರೆಂಟ್ ಕೊಡುವ ಐಸೊಲೇಟೆಡ್ ಸಪ್ಲೈ ಒಳ್ಳೆಯದು. ಈ ಪೆಡಲಿನ ಸ್ಟೀರಿಯೊ (ಎಡ-ಬಲ ಬೇರೆ ದನಿ) ಬೇಡವೆನ್ನುವವರಿಗೆ ಸೆಕೆಂಡ್ ಹ್ಯಾಂಡ್ ಅಗ್ಗದ ಕೋರಸ್ಸೂ ನಡೆದೀತು.