ಲಿನಕ್ಸ್ ಮಿಂಟ್, ಲಿಬ್ರೆ ಆಫೀಸ್: ಡಿಟಿಪಿ ಅಂಗಡಿಯೋರಿಗೆ ನಡೀತೈತಾ?

ದಾವಣಗೆರೆ ಪಿ.ಜೆ. ಬಡಾವಣೆ ಕಡೆ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಎಪಿಎಂಸಿ ದಲ್ಲಾಳಿ ಅಂಗಡಿಯೋರ ಮೆಕ್ಕೆಜೋಳದ ಲೆಕ್ಕ, ಇವೇ ಕೆಲ್ಸ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ತು, ಹಳೇ ಸಿಸ್ಟಮ್ಮಲ್ಲಿ ವಿಂಡೋಸ್ 11 ಹಾಕಕ್ಕೆ ಬೇಕಾದ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಇಲ್ಲ, ಹಂಗಾಗಿ ವಿಂಡೋಸ್ ಬದ್ಲು ಬಳಸೋ ಫ್ರೀ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ 22 ಹಾಕಿದೆ, 2029ರ ತನಕ ಅಪ್‌ಡೇಟ್ ಬರ್ತವೆ, ಎಂಎಸ್ ಆಫೀಸ್ ಥರದ ಲಿಬ್ರೆ ಆಫೀಸ್ ಜೊತೆಗೇ ಬರ್ತೈತೆ, ಒಂದ್ ರೂಪಾಯಿ ಖರ್ಚಿಲ್ಲ.

ನಮಗೆ ಕನ್ನಡ ಟೈಪಿಂಗೇ ಮುಖ್ಯ. ಐಬಸ್ ಅನ್ನೋ ಟೈಪಿಂಗ್ ತಂತ್ರಾಂಶ ಹಾಕ್ಕೊಂಡ್ರೆ ನುಡಿಯಲ್ಲಿರೋ ಕೆಜಿಪಿ ಕೀಬೋರ್ಡ್ ಲೇಔಟೇ ಸಿಗ್ತೈತೆ, ನುಡಿ ಕೈ ಹಿಡಿದೋರು ಹೊಸದಾಗಿ ಕಲಿಯೋದೇನಿಲ್ಲ. ಗುಬ್ಬಿ, ನವಿಲು ಫಾಂಟೂ ಫ್ರೀ. ತೊಂದ್ರೆ ಇರೋದು ಹಳೇ ನುಡಿ ಫೈಲಲ್ಲಿ, ಅವು ಯೂನಿಕೋಡ್ (ಎಲ್ಲ ಸಿಸ್ಟಮ್ಮಲ್ಲೂ ನಡೆಯೋ ಅಕ್ಷರ ಕೋಡ್) ಅಲ್ಲ, ಇಂಗ್ಲಿಷ್ ಅಕ್ಷರದ ಕೋಡಿಗೇ ಕನ್ನಡದ ಆಕಾರ ಕೂರಿಸಿರೋದು, ಆ ಫಾಂಟ್ ಇಲ್ದೆ ತೆಗೆದ್ರೆ ಏನೂ ಓದಕ್ಕಾಗಲ್ಲ. ಯೂನಿಕೋಡಿಗೆ ಕನ್ವರ್ಟ್ ಮಾಡ್ಲೇಬೇಕು, ಆಮೇಲೆ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಾಡಿಸ್ಬೇಕು. ವರ್ಡ್ ಫೈಲನ್ನ ಲಿಬ್ರೆ ಆಫೀಸಲ್ಲಿ ತೆಗೆದ್ರೆ ಟೇಬಲ್ ಸ್ವಲ್ಪ ಜರುಗ್ತವೆ. ಪಿಡಿಎಫ್ ಮಾತ್ರ ಒಂದೇ ಕ್ಲಿಕ್. ಮದ್ವೆ ಕಾರ್ಡ್, ಫ್ಲೆಕ್ಸ್ ಮಾಡೋರಿಗೆ ಇಂಕ್‌ಸ್ಕೇಪ್ ಅನ್ನೋ ಫ್ರೀ ಡಿಸೈನ್ ತಂತ್ರಾಂಶ ಐತೆ, ಚೆನ್ನಾಗೇ ಐತೆ, ಆದ್ರೆ ಗಿರಾಕಿ ಕೋರೆಲ್ (ದುಡ್ಡು ಕೊಟ್ಟು ಕೊಳ್ಳೋ ಡಿಸೈನ್ ತಂತ್ರಾಂಶ) ಫೈಲ್ ತಂದ್ರೆ ಡಿಸೈನ್ ಕೆಡ್ತೈತೆ, ಅಂತೋರು ಒಂದು ಸಿಸ್ಟಂ ವಿಂಡೋಸಲ್ಲೇ ಇಟ್ಕೊಳ್ರಿ.

ನನಗೆ ಬೇಜಾರಾಗೋದು ಬೇರೆ. ನಮ್ಮ ಟೈಪಿಂಗ್‌ನೋರ ಗ್ರೂಪಲ್ಲಿ ಯಾರಾದ್ರೂ "ಆಫೀಸ್ ಎಕ್ಸ್‌ಪೈರ್ ಆಗೈತೆ ಅಣ್ಣ, ಏನ್ ಮಾಡ್ಲಿ" ಅಂದ್ರೆ ತಕ್ಷಣ ಕ್ರ್ಯಾಕ್, ಅಂದ್ರೆ ಲೈಸೆನ್ಸ್ ಮುರಿದ ಕಳ್ಳ ಕಾಪಿ, ಅದ್ರ ಲಿಂಕ್ ಬರ್ತವೆ. ನಮ್ಮನ್ನ ನಂಬಿ ಜನ ಕೊಟ್ಟ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಅದೇ ಸಿಸ್ಟಮ್ಮಲ್ಲಿ ಇರ್ತವಲ್ರೀ, ಆ ಕ್ರ್ಯಾಕ್ ಒಳಗೆ ಏನೈತೆ ಅಂತ ಯಾರು ನೋಡ್ಯಾರೆ? ಗ್ರೂಪಿನೋರು ಮೊದ್ಲು ಲಿಬ್ರೆ ಆಫೀಸಿನಂಥ ಮುಕ್ತ ತಂತ್ರಾಂಶನೇ ಹೇಳ್ಬೇಕು, ಡೌನ್‌ಲೋಡ್ ಲಿಂಕ್ ಪಿನ್ ಮಾಡಿ ಇಡ್ಬೇಕು. ಲಿಬ್ರೆ ಆಫೀಸ್ ಮೆನು ಕನ್ನಡದಲ್ಲೂ ಸಿಗ್ತೈತೆ, ಅನುವಾದ ಸರಿ ಇಲ್ಲ ಅನ್ನಿಸಿದ್ರೆ ನಾವೇ ತಿದ್ದಿ ಕಳಿಸ್ಬೋದು, ದುಡ್ಡು ಕೊಟ್ಟು ತಗೊಂಡಿದ್ರಲ್ಲಿ ಈ ಹಕ್ಕು ಎಲ್ಲೈತೆ? ಹಂಗಂತ ಕೋರೆಲ್ ಕೊಂಡೋರ್ನ ಬೈಯೋದು, ಅದ್ರ ಹೆಸರೆತ್ತಿದ್ರೆ ಮೆಸೇಜ್ ಡಿಲೀಟ್ ಮಾಡೋದು ಬ್ಯಾಡ. ಟೇಬಲ್ ಜರುಗೋದನ್ನೂ ಮುಂಚೆನೇ ಹೇಳ್ರಿ, ಮುಚ್ಚಿಟ್ಟು ಹೊಗಳಿದ್ರೆ ಹಾಕ್ಕೊಂಡೋರು ವಾರದೊಳಗೆ ಕಿತ್ತಾಕ್ತಾರೆ.

ನನ್ನ ಮಾರ್ಕು ಐದಕ್ಕೆ ನಾಲ್ಕು. ಇನ್‌ಸ್ಟಾಲ್ ಮಾಡೋಕ್ ಮುಂಚೆ ಪೆನ್‌ಡ್ರೈವಿಂದ ಲೈವ್ ಆಗಿ ಬೂಟ್ ಮಾಡಿ ನಿಮ್ಮ ಪ್ರಿಂಟರ್, ಸ್ಕ್ಯಾನರ್ ಹಿಡೀತಾವಾ ನೋಡ್ಕೊಳ್ರಿ, ಹಂಗೆ ನೋಡೋದ್ರಿಂದ ಹಾರ್ಡ್ ಡಿಸ್ಕಲ್ಲಿರೋದು ಏನೂ ಅಳಿಸಿ ಹೋಗಲ್ಲ.