ಕಡಿಮೆ ಬೆಲೆಯ ಏರ್ ಪಿಸ್ತೂಲು: ನಳಿಗೆಗೆ ಪೂರ್ಣ ಅಂಕ, ಸೈಟಿಗೆ ಅರ್ಧ

ಈ ಪಿಸ್ತೂಲಿನ ನಳಿಗೆ ಕೊಟ್ಟ ಹಣಕ್ಕಿಂತ ಮೇಲಿನದು. ಹಿಂದಿನ ಸೈಟ್, ಎಂದರೆ ಗುರಿ ಹಿಡಿಯಲು ಕಣ್ಣಿನ ಕಡೆಗಿರುವ ಕಚ್ಚಿನ ಪಟ್ಟಿ, ಕೊಟ್ಟ ಹಣಕ್ಕಿಂತ ಕೆಳಗಿನದು. ಎರಡು ವರ್ಷ ದಾಟಿದ ಬಳಕೆಯ ನಂತರ ನನ್ನ ತೀರ್ಪು ಇದು. ಆದರೆ ಈ ದರದ ಪಿಸ್ತೂಲು ಕೊಂಡವರು ಮೊದಲ ತಿಂಗಳಲ್ಲೇ ಸೈಟಿನ ಸ್ಕ್ರೂ ತಿರುಗಿಸಿ ತಿರುಗಿಸಿ, ಕೊನೆಗೆ ಯಾವುದು ಎಲ್ಲಿತ್ತು ಎಂಬುದೇ ತಿಳಿಯದೆ ಕುಳಿತಿರುವುದನ್ನು ನಮ್ಮ ಶೂಟಿಂಗ್ ರೇಂಜಿನಲ್ಲಿ ಮತ್ತೆ ಮತ್ತೆ ನೋಡುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನನ್ನ ಕೈಗೆ ಬಂದದ್ದು ಒಂದೇ ಪಿಸ್ತೂಲು. ಒಂದನ್ನು ಹಿಡಿದು ಇಡೀ ತಯಾರಿಕೆಗೆ ಮಸಿ ಬಳಿಯುವುದು ನ್ಯಾಯವಲ್ಲ. ಇಲ್ಲಿ ಹೇಳುವ ತೊಂದರೆಗಳು ಈ ವರ್ಗದ ಬೇರೆ ಪಿಸ್ತೂಲುಗಳಲ್ಲೂ ಕಂಡಿವೆ.

ವಸ್ತು ಏನೆಂದರೆ, 10 ಮೀಟರ್ ಸ್ಪರ್ಧೆಗೆ ಬಳಸುವ 4.5 ಮಿ.ಮೀ. ಏರ್ ಪಿಸ್ತೂಲು, ಒತ್ತಿದ ಗಾಳಿಯ ಸಿಲಿಂಡರ್ ಇರುವಂಥದ್ದು. ಹೆಸರುವಾಸಿ ಐರೋಪ್ಯ ಪಿಸ್ತೂಲುಗಳ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ಒಳಗಿನ ಏರ್ ಆಯುಧಗಳಿಗೆ ಪರವಾನಗಿ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ರೇಂಜಿಗೆ ಮಕ್ಕಳನ್ನು ಕರೆತರುವ ತಂದೆತಾಯಿ ಹೆಚ್ಚಿದ್ದಾರೆ, ಮತ್ತು ಅವರಲ್ಲಿ ಹಲವರು ಮೊದಲು ಕೊಳ್ಳುವುದು ಇಂಥದ್ದನ್ನೇ. ನಮ್ಮ ಮನೆಯಲ್ಲಿ ಇದನ್ನು ಬಳಸುವವರು ನಾನು ಮತ್ತು ಕಾಲೇಜಿಗೆ ಹೋಗುವ ಮಗಳು. ನನ್ನ ವೃತ್ತಿ ಟೂಲ್ ರೂಮಿನದು, ಎಂದರೆ ಕಾರ್ಖಾನೆಯ ಅಚ್ಚು, ಉಪಕರಣ ತಯಾರಿಸುವ ವಿಭಾಗದ್ದು. ಹಾಗಾಗಿ ಈ ವಿಮರ್ಶೆಯಲ್ಲಿ ವರ್ನಿಯರ್ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ತುಸು ಹೆಚ್ಚಾಗಿಯೇ ಕಾಣಿಸಿಕೊಳ್ಳುತ್ತವೆ.

ಮೊದಲು ಸ್ವಲ್ಪ ಲೆಕ್ಕ. ಈ ಪಿಸ್ತೂಲಿನಲ್ಲಿ ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ 330 ಮಿ.ಮೀ. ಅಂತರವಿದೆ. ಗುರಿ ಇರುವುದು 10,000 ಮಿ.ಮೀ. ದೂರದಲ್ಲಿ. ಎಂದರೆ ಹಿಂದಿನ ಸೈಟಿನ ಪಟ್ಟಿ 0.1 ಮಿ.ಮೀ. ಅತ್ತಿತ್ತ ಸರಿದರೆ ಗುರಿಯ ಮೇಲೆ ಪೆಲೆಟ್ (ಪಿಸ್ತೂಲು ಹಾರಿಸುವ ಸಣ್ಣ ಗುಂಡು) ಸುಮಾರು 3 ಮಿ.ಮೀ. ಸರಿಯುತ್ತದೆ. ಗುರಿಯ 10ರ ವೃತ್ತದ ವ್ಯಾಸ 11.5 ಮಿ.ಮೀ.; ಪೆಲೆಟ್ಟಿನ ಅಂಚು ಗೆರೆ ಮುಟ್ಟಿದರೂ ಅಂಕ ಸಿಗುವುದರಿಂದ ಅದರ ಮಧ್ಯಬಿಂದು ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ 10. ಆಚೆಗೆ ಪ್ರತಿ 8 ಮಿ.ಮೀ.ಗೆ ಒಂದು ಅಂಕ ಹೋಗುತ್ತದೆ. ಬರಿಗಣ್ಣಿಗೆ ಕಾಣದ 0.3 ಮಿ.ಮೀ. ಅಲುಗಾಟ ಒಂದು ಪೂರ್ತಿ ಅಂಕವನ್ನು ನುಂಗಬಲ್ಲದು. ಕೈ ನಡುಗಿ ಇಡೀ ಪಿಸ್ತೂಲು ಸಮಾನಾಂತರವಾಗಿ 3 ಮಿ.ಮೀ. ಸರಿದರೆ ಗುರಿಯಲ್ಲೂ 3 ಮಿ.ಮೀ. ಅಷ್ಟೇ ವ್ಯತ್ಯಾಸ. ಸೈಟುಗಳ ಹೊಂದಾಣಿಕೆ ತಪ್ಪಿದರೆ ಅದು ಮೂವತ್ತು ಪಟ್ಟು ಹಿಗ್ಗುತ್ತದೆ. ಹೊಸಬರು ಕಪ್ಪು ವೃತ್ತ ಅಲುಗುತ್ತಿದೆ ಎಂದು ಹೆದರುತ್ತಾರೆ. ಹೆದರಬೇಕಾದದ್ದು ಹಿಂದಿನ ಕಚ್ಚಿನೊಳಗೆ ಮುಂದಿನ ಸೈಟಿನ ಎರಡೂ ಬದಿಯ ಬೆಳಕಿನ ಗೆರೆಗಳು ಸಮವಾಗಿಲ್ಲದಾಗ.

ಪೆಟ್ಟಿಗೆಯಿಂದ ತೆಗೆದ ಹೊಸತರಲ್ಲಿ ನಮ್ಮ ಪಿಸ್ತೂಲು ಎಡಕ್ಕೆ, ಕೆಳಕ್ಕೆ ಬೀಳಿಸುತ್ತಿತ್ತು, ಅದೂ ಒಂದೇ ಸಮನೆ ಅಲ್ಲ. ಈ ಹಂತದಲ್ಲಿ ಯಾರೂ ಸ್ಕ್ರೂ ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಲೆಟ್ ಎಲ್ಲೋ ಬೀಳಲು ಪಿಸ್ತೂಲು, ಹಿಡಿತ, ಕಣ್ಣು, ಟ್ರಿಗರ್ ಬೆರಳು ಯಾವುದಾದರೂ ಕಾರಣವಿರಬಹುದು, ಕಾಗದದ ಮೇಲಿನ ತೂತು ಮಾತ್ರ ಎಲ್ಲಕ್ಕೂ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಮೊದಲು ಆಸರೆಯ ಮೇಲಿಟ್ಟು ಹೊಡೆದೆವು. ಮೇಜಿನ ಮೇಲೆ ಮರಳಿನ ಚೀಲ, ಅದರ ಮೇಲೆ ಗ್ರಿಪ್ಪಿನ ಮುಂದಿನ ಭಾಗ. ನಳಿಗೆಯನ್ನಾಗಲಿ ಸಿಲಿಂಡರನ್ನಾಗಲಿ ಚೀಲಕ್ಕೆ ತಾಗಿಸಬಾರದು. ಐದೈದು ಪೆಲೆಟ್‌ಗಳ ಗುಂಪು, ಪ್ರತಿ ಗುಂಪಿಗೂ ಹೊಸ ಕಾಗದ.

ಸೈಟುಗಳ ಕಡೆ ನೋಡದೆ ನಳಿಗೆಯನ್ನು ಮಾತ್ರ ಪರೀಕ್ಷಿಸಲು ಕಾರ್ಖಾನೆಯಲ್ಲಿನ, ವಸ್ತುವನ್ನು ಬಿಗಿದು ಹಿಡಿಯುವ ವೈಸ್‌ಗೆ ಮೆತ್ತನೆಯ ದವಡೆ ಹಾಕಿ ಹಿಡಿದೂ ನೋಡಿದೆವು. ಗುಂಪು 10ರ ವೃತ್ತದೊಳಗೇ ಕುಳಿತಿತು. ಇದೇ ನಾನು ಮೊದಲ ಸಾಲಿನಲ್ಲಿ ಹೊಗಳಿದ ನಳಿಗೆ. ಆದರೆ ಮರಳಿನ ಚೀಲದ ಮೇಲೆ ಸೈಟ್ ನೋಡಿ ಹೊಡೆದಾಗ ಗುಂಪು ಎರಡಾಗಿ ಒಡೆದಿತ್ತು, ಒಂದು ಮೇಲೆ, ಒಂದು ಕೆಳಗೆ. ಗುಂಪು ದೊಡ್ಡದಾಗಿದ್ದರೆ ಪೆಲೆಟ್ ಅಥವಾ ಕೈಯನ್ನು ಸಂಶಯಿಸಬಹುದು. ಎರಡು ಸ್ಪಷ್ಟ ಗುಂಪುಗಳಾದರೆ ಯಾವುದೋ ಭಾಗ ಎರಡು ಜಾಗಗಳಲ್ಲಿ ಕುಳಿತು ಏಳುತ್ತಿದೆ ಎಂದೇ ಅರ್ಥ.

ಕಳ್ಳ ಸಿಕ್ಕಿದ್ದು ಹಿಂದಿನ ಸೈಟಿನ ಕೀಲಿನಲ್ಲಿ. ಸೈಟಿನ ಪಟ್ಟಿ ಮುಂಭಾಗದಲ್ಲಿ ಒಂದು ಪಿನ್ನಿನ ಮೇಲೆ ತೂಗುತ್ತದೆ, ಕೆಳಗಿನಿಂದ ಸ್ಪ್ರಿಂಗ್ ಅದನ್ನು ಮೇಲಕ್ಕೆ ಒತ್ತುತ್ತದೆ, ಎತ್ತರದ ಸ್ಕ್ರೂ ಕೆಳಕ್ಕೆ ಎಳೆಯುತ್ತದೆ. ರಂಧ್ರ 2 ಮಿ.ಮೀ., ಪಿನ್ 1.9. ಸ್ಪ್ರಿಂಗ್ ಕೂಡ ಬಡವ. ಬೆರಳಿನಿಂದ ಒತ್ತಿ ಬಿಟ್ಟರೆ ಪಟ್ಟಿ ಒಮ್ಮೆ ಮೇಲೆ ಬರುತ್ತಿತ್ತು, ಒಮ್ಮೆ ಅರ್ಧದಲ್ಲೇ ನಿಲ್ಲುತ್ತಿತ್ತು. ಪೆಲೆಟ್ ತುಂಬಲು ಲಿವರ್ ಎತ್ತಿ ಮುಚ್ಚುವ ಸಣ್ಣ ಏಟಿಗೇ ಅದು ಜಾಗ ಬದಲಿಸುತ್ತಿತ್ತು. ಪಕ್ಕಕ್ಕೂ ಸಡಿಲ, ಫೀಲರ್ ಗೇಜಿನ 0.15 ಎಲೆ ಸಲೀಸಾಗಿ ಒಳಗೆ ಹೋಯಿತು.

ಮಾರಾಟಗಾರರಿಗೆ ತಿಳಿಸಿದೆ. “ಈ ಬೆಲೆಗೆ ಇಷ್ಟೇ ಸಾರ್” ಎಂಬ ಉತ್ತರ ಬಂತು. ಪ್ರಾಮಾಣಿಕವಾದ ಉತ್ತರ, ಆದರೆ ಉಪಯೋಗವಿಲ್ಲದ್ದು. ಬಿಡಿ ಸೈಟ್ ಕೇಳಿದರೆ ತರಿಸಿಕೊಡುತ್ತೇವೆ ಎಂದರು. ಅದು ಇಂದಿಗೂ ಬಂದಿಲ್ಲ. ವಾರಂಟಿ ಮುಗಿದ ಮೇಲೆ ನಾನೇ ಕೈ ಹಾಕಿದೆ. ಅಂಗಡಿಯಲ್ಲಿ ಸಿಗುವ 2 ಮಿ.ಮೀ. ಡೋವೆಲ್ ಪಿನ್, ಪಕ್ಕದ ಸಡಿಲಕ್ಕೆ ತೆಳುವಾದ ಹಿತ್ತಾಳೆ ಶಿಮ್, ತುಸು ಗಡುಸಾದ ಸ್ಪ್ರಿಂಗ್. ಒಂದು ಊಟದ ಖರ್ಚಿಗಿಂತ ಕಡಿಮೆ ಹಣದಲ್ಲಿ ಕೆಲಸ ಮುಗಿಯಿತು. ಮುಂದಿನ ಸೈಟಿನ ಸ್ಕ್ರೂಗೆ ಅದನ್ನು ಸಡಿಲವಾಗದಂತೆ ಹಿಡಿಯುವ ಒಂದು ಹನಿ ನೀಲಿ ಥ್ರೆಡ್‌ಲಾಕರ್ ಹಾಕಿದೆ. ಅಂದಿನಿಂದ ಗುಂಪು ಒಡೆದಿಲ್ಲ. ಲೇತು, ವೈಸ್ ಪರಿಚಯವಿಲ್ಲದವರು ಇದನ್ನು ಮನೆಯಲ್ಲಿ ಮಾಡಬೇಡಿ. ಒಳ್ಳೆಯ ಗಡಿಯಾರ ರಿಪೇರಿಯವರಿಗೋ ಟೂಲ್ ರೂಮಿನವರಿಗೋ ಸೈಟನ್ನು ಮಾತ್ರ ಬಿಚ್ಚಿ ಕೊಡಿ. ಬಿಚ್ಚುವ ಮುನ್ನ ಸಿಲಿಂಡರ್ ಕಳಚಿರಬೇಕು, ನಳಿಗೆ ಖಾಲಿ ಎಂದು ಕಣ್ಣಾರೆ ನೋಡಿರಬೇಕು.

ಇನ್ನು ಕ್ಲಿಕ್, ಎಂದರೆ ಸೈಟಿನ ಸ್ಕ್ರೂ ತಿರುಗಿಸುವಾಗ ಟಿಕ್ ಎನ್ನುವ ಒಂದೊಂದು ಹೆಜ್ಜೆಯ ವಿಷಯ. ಕೈಪಿಡಿಯ ಪ್ರಕಾರ ಒಂದು ಕ್ಲಿಕ್ಕಿಗೆ ಗುರಿಯ ಮೇಲೆ 3 ಮಿ.ಮೀ. ವಾಸ್ತವದಲ್ಲಿ ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಬರೀ ಶಬ್ದ. ಸ್ಕ್ರೂವಿನ ಎಳೆಗಳ ನಡುವಿನ ಸಡಿಲ ತುಂಬುವುದರಲ್ಲೇ ಅವು ಮುಗಿಯುತ್ತವೆ. ಪಟ್ಟಿಯನ್ನು ಮೇಲೆತ್ತಬೇಕಾದರೆ ಬೇಕಾದ್ದಕ್ಕಿಂತ ಎರಡು ಮೂರು ಕ್ಲಿಕ್ ಹೆಚ್ಚು ಬಿಟ್ಟು, ಮತ್ತೆ ಸ್ಪ್ರಿಂಗನ್ನು ಒತ್ತುವ ದಿಕ್ಕಿನಲ್ಲೇ ಬಿಗಿದು ನಿಲ್ಲಿಸಿ. ಲೇತಿನ ಹ್ಯಾಂಡಲ್ ತಿರುಗಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಾಣದ ಗುರುತನ್ನೂ ಕುರುಡಾಗಿ ನಂಬಬೇಡಿ. ಕೆಲವು ಪಿಸ್ತೂಲುಗಳಲ್ಲಿ ಬಾಣ ಪೆಲೆಟ್ ಸರಿಯಬೇಕಾದ ದಿಕ್ಕನ್ನು ತೋರಿಸಿದರೆ, ಇನ್ನು ಕೆಲವದರಲ್ಲಿ ಪೆಲೆಟ್ ತಪ್ಪಿ ಬಿದ್ದ ದಿಕ್ಕನ್ನು ತೋರಿಸುತ್ತದೆ. ಅನುಮಾನವಿದ್ದರೆ ಪಟ್ಟಿಯನ್ನೇ ನೋಡಿ: ಹಿಂದಿನ ಸೈಟ್ ಯಾವ ಕಡೆ ಸರಿಯುತ್ತದೋ ಪೆಲೆಟ್ ಅದೇ ಕಡೆ ಸರಿಯುತ್ತದೆ. ಮುಂದಿನ ಸೈಟಿಗೆ ಇದು ತಿರುವುಮುರುವು. ಹಿಂದಿನದನ್ನು ಪೂರ್ತಿ ಮೇಲೆತ್ತಿಯೂ ಪೆಲೆಟ್ ಕೆಳಗೇ ಬೀಳುತ್ತಿದ್ದರೆ ಮುಂದಿನ ಸೈಟ್ ಅಗತ್ಯಕ್ಕಿಂತ ಎತ್ತರವಾಗಿದೆ ಎಂದು ಅರ್ಥ.

ಇಷ್ಟಾದ ಮೇಲೆ ಆಸರೆಯ ಮೇಲೆ ಪಿಸ್ತೂಲು ನಡುವಿಗೆ ಹೊಡೆಯಿತು. ಒಂದು ಕೈಯಲ್ಲಿ ಹಿಡಿದರೆ ಮತ್ತೆ ಎಡಕ್ಕೆ! ಈಗ ಸೈಟಿನ ಮೇಲೆ ಆರೋಪ ಹೊರಿಸುವಂತಿಲ್ಲ, ಹಿಡಿತವನ್ನೇ ನೋಡಬೇಕು. ಪರೀಕ್ಷೆ ಸುಲಭ. ಖಾಲಿ ಪಿಸ್ತೂಲನ್ನು ಗುರಿಯತ್ತ ಹಿಡಿದು ನಿಲ್ಲಿ, ಕಣ್ಣು ಮುಚ್ಚಿ, ತೋಳನ್ನು ಇಳಿಸಿ ಮತ್ತೆ ಎತ್ತಿ, ಮಣಿಕಟ್ಟನ್ನು ಬಿಗಿದು ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಕಚ್ಚಿನ ನಡುವೆ ಇದ್ದರೆ ಗ್ರಿಪ್ ನಿಮ್ಮದು. ನನಗೆ ಪ್ರತಿ ಸಲವೂ ಅದು ಎಡಕ್ಕೆ ಕಾಣುತ್ತಿತ್ತು. ಇದನ್ನು ಮಣಿಕಟ್ಟು ತಿರುಚಿ ಸರಿಮಾಡಿಕೊಳ್ಳಬಹುದು, ಎಲ್ಲರೂ ಮಾಡುವುದೂ ಅದನ್ನೇ. ಆದರೆ ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಹೊಡೆತ. ಅರ್ಧ ದಾಟುವ ಹೊತ್ತಿಗೆ ಮಣಿಕಟ್ಟು ದಣಿದು ತನ್ನ ಸಹಜ ಜಾಗಕ್ಕೆ ಮರಳುತ್ತದೆ. ಆಗ ಪೆಲೆಟ್‌ಗಳು ಎಡಕ್ಕೆ ಹರಿಯುತ್ತವೆ, ಶೂಟರ್ ಬಲಕ್ಕೆ ಕ್ಲಿಕ್ ಹಾಕುತ್ತಾನೆ, ಮರುದಿನ ದಣಿಯದ ಕೈಗೆ ಎಲ್ಲವೂ ಬಲಕ್ಕೆ ಬೀಳುತ್ತವೆ. ಸೈಟ್ ತಾನಾಗಿಯೇ ಬದಲಾಗುತ್ತಿದೆ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಂದ ಹುಟ್ಟಿದವು.

ಈ ಪಿಸ್ತೂಲಿನ ಮರದ ಗ್ರಿಪ್ ಸರಾಸರಿ ಕೈಗೆ ಮಾಡಿದ್ದು, ಎಂದರೆ ಯಾರ ಕೈಗೂ ಅಲ್ಲ. ಹೆಬ್ಬೆರಳಿನ ಬುಡ ಕೂರುವಲ್ಲಿ ಮರಳುಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಅಂಗೈ ತಗುಲುವ ಬಲಬದಿಯ ಹಿಂಭಾಗಕ್ಕೆ ಎಂ-ಸೀಲ್ ತುಂಬಿದೆ. ಎಂ-ಸೀಲ್ ಗಟ್ಟಿಯಾಗುವ ಮುನ್ನ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಹಿಡಿದುಕೊಂಡರೆ ಅಂಗೈಯ ಅಚ್ಚು ಮೂಡುತ್ತದೆ. ನೋಡಲು ಚೆಂದವಿಲ್ಲ ಎಂದು ಮಗಳ ಆಕ್ಷೇಪಣೆ. ಇರಲಿ. ನಿಯಮದ ಪ್ರಕಾರ ಗ್ರಿಪ್ ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆ ಕೊಡಬಾರದು. ಸ್ಪರ್ಧೆಗೆ ಹೋಗುವವರು ತುಂಬುವಾಗ ಅದನ್ನು ನೆನಪಿಡಿ. ಅಂಗೈ ಕೆಳಗಿನ ಶೆಲ್ಫ್ ತೀರ ಬಿಗಿಯಾದರೂ ಹೊಡೆತ ಬದಲಾಗುತ್ತದೆ, ಕೈ ಬೆವರುವ ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಬಲಗೈಯವರಿಗೆ ಪೆಲೆಟ್ ಎಡಕ್ಕೂ ಕೆಳಕ್ಕೂ ಒಟ್ಟಿಗೆ ಬೀಳುತ್ತಿದ್ದರೆ, ಆಸರೆಯ ಗುಂಪು ನಡುವಿನಲ್ಲಿದ್ದರೆ, ಅದು ಟ್ರಿಗರ್ ಕೀಳುವ ಅಭ್ಯಾಸ. ಅದಕ್ಕೆ ಕ್ಲಿಕ್ ಮದ್ದಲ್ಲ. ಈ ಪಿಸ್ತೂಲಿನಲ್ಲಿ ಗಾಳಿ ಬಿಡದೆ ಟ್ರಿಗರ್ ಅಭ್ಯಾಸ ಮಾಡುವ ವ್ಯವಸ್ಥೆ ಇದೆ, ಚೆನ್ನಾಗಿಯೂ ಇದೆ. ಬರೀ ಬಿಳಿಗೋಡೆಯ ಮುಂದೆ ನಿಂತು ಮುಂದಿನ ಸೈಟ್ ನೋಡುತ್ತ ಒತ್ತುತ್ತಿದ್ದರೆ ಯಾವ ಕ್ಷಣದಲ್ಲಿ ಅದು ಕುಸಿಯುತ್ತದೆ ಎಂಬುದು ಕಾಣುತ್ತದೆ. ಟ್ರಿಗರ್ ಭಾರ ಸ್ಪರ್ಧೆಗೆ ಬೇಕಾದ ಕನಿಷ್ಠ 500 ಗ್ರಾಂ ಮೇಲೆ ನಿಂತಿದೆ, ಇಷ್ಟು ಕಾಲದಲ್ಲಿ ಕದಲಿಲ್ಲ.

ಕಣ್ಣಿನ ಬಗ್ಗೆ ನಲವತ್ತೈದು ದಾಟಿದವರಿಗೆ ಒಂದು ಮಾತು. ಮುಂದಿನ ಸೈಟ್ ಸ್ಪಷ್ಟವಾಗಿ, ಗುರಿ ಮಸುಕಾಗಿ ಕಾಣಬೇಕು. ನನ್ನ ಪ್ರೋಗ್ರೆಸಿವ್ ಕನ್ನಡಕದಲ್ಲಿ ಸೈಟ್ ಸ್ಪಷ್ಟವಾಗಲು ಗಲ್ಲ ಎತ್ತಬೇಕಾಗುತ್ತಿತ್ತು. ಪ್ರತಿ ಸಲ ಎಷ್ಟು ಎತ್ತಿದೆ ಎಂಬುದರ ಮೇಲೆ ಹೊಡೆತ ಮೇಲೆ ಕೆಳಗೆ. ದೂರದ ನಂಬರಿಗೆ +0.50 ಸೇರಿಸಿದ ಒಂಟಿ ನಂಬರಿನ ಕನ್ನಡಕ ಮಾಡಿಸಿದೆ. ತೋಳು ಚಾಚಿದಾಗ ಮುಂದಿನ ಸೈಟ್ ಎಷ್ಟು ದೂರವಿರುತ್ತದೆ ಎಂದು ಅಳೆದುಕೊಂಡು ಹೋಗಿ ಹೇಳಿದರೆ ಕಣ್ಣಿನ ಪರೀಕ್ಷಕರಿಗೆ ಅನುಕೂಲ. ಸೈಟಿನ ಕಪ್ಪು ಬಣ್ಣ ಸವೆದು ಟ್ಯೂಬ್‌ಲೈಟಿನಡಿ ಹೊಳೆಯತೊಡಗಿದರೆ ಬೆಳಕು ಬಂದ ಕಡೆಯ ಅಂಚು ಕರಗಿದಂತೆ ಕಾಣುತ್ತದೆ. ಹಳಬರ ಉಪಾಯ ಕರ್ಪೂರದ ಹೊಗೆ. ಸೈಟನ್ನು ಬಿಚ್ಚಿ, ಪಿಸ್ತೂಲಿನಿಂದ ದೂರ ಕೊಂಡೊಯ್ದು, ಉರಿಯುವ ಕರ್ಪೂರದ ಮಸಿ ಹಿಡಿಸಿದರೆ ಇನ್ನಾವ ಬಣ್ಣವೂ ಕೊಡದ ಕಪ್ಪು ಬರುತ್ತದೆ. ಬೆರಳು ತಾಗಿದರೆ ಹೋಗುತ್ತದೆ, ಅಷ್ಟೇ ದೋಷ.

ಗಾಳಿ, ಪೆಲೆಟ್ ಕುರಿತು ಹೆಚ್ಚು ಹೇಳಲಾರೆ. ಗೇಜಿನ ಮುಳ್ಳು ಕೆಂಪು ಗುರುತಿಗೆ ಇಳಿದ ಮೇಲೆ ಪೆಲೆಟ್ ಕೆಳಕ್ಕೆ ಬೀಳತೊಡಗಿದರೆ ಸಿಲಿಂಡರ್ ತುಂಬಿಸಿ, ಸೈಟ್ ಮುಟ್ಟಬೇಡಿ. ಚಪ್ಪಟೆ ತಲೆಯ ಪೆಲೆಟ್‌ಗಳಲ್ಲಿ ಎರಡು ಮೂರು ಬಗೆ ತಂದು ಆಸರೆಯ ಮೇಲೆ ಹೋಲಿಸಿ. ನಮ್ಮದಕ್ಕೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಲೇಬೇಕೆಂದಿಲ್ಲ.

ನನ್ನ ಝೀರೋ, ಎಂದರೆ ಪೆಲೆಟ್ ನಡುವಿಗೆ ಬೀಳುವಂತೆ ಸೈಟ್ ಹೊಂದಿಸಿದ ಜಾಗ, ಮಗಳಿಗೆ ಆಗುವುದಿಲ್ಲ, ಅವಳದ್ದು ನನಗಾಗುವುದಿಲ್ಲ. ಅವಳಿಗೆ ನನಗಿಂತ ಎತ್ತರ ಎರಡು ಕ್ಲಿಕ್ ಕಡಿಮೆ, ಪಕ್ಕಕ್ಕೆ ಒಂದು ಬಲ. ಪೆಟ್ಟಿಗೆಯ ಮುಚ್ಚಳದ ಒಳಗೆ ಇಬ್ಬರ ಲೆಕ್ಕವನ್ನೂ ಬರೆದು ಅಂಟಿಸಿದ್ದೇವೆ. ಎಂ-ಸೀಲ್ ಅಚ್ಚು ನನ್ನದಾದ್ದರಿಂದ ಅವಳಿಗೊಂದು ಬೇರೆ ಗ್ರಿಪ್ ಕೊಳ್ಳಬೇಕಾಯಿತು, ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಕೊಳ್ಳಬಹುದೇ? ಜಿಲ್ಲೆ, ರಾಜ್ಯ ಮಟ್ಟದ ಸ್ಪರ್ಧೆಗೆ ತಯಾರಾಗುವವರಿಗೆ, ಕೈಗೆಲಸ ಬಲ್ಲವರು ಹತ್ತಿರದಲ್ಲಿದ್ದರೆ, ಖಂಡಿತ ಕೊಳ್ಳಬಹುದು. ಬಿಚ್ಚಿ ಕಟ್ಟುವ ಗೊಡವೆ ಬೇಡವೆನ್ನುವವರು ಇನ್ನಷ್ಟು ಹಣ ಕೂಡಿಸಿ ಹೆಸರಾಂತ ಕಂಪನಿಯ ಬಳಸಿದ ಪಿಸ್ತೂಲು ಹುಡುಕುವುದೇ ಲೇಸು. ಅಂಗಡಿಯಲ್ಲಿ ನೋಡುವಾಗ ಹಿಂದಿನ ಸೈಟಿನ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೂ ಮೇಲಕ್ಕೂ ಅಲುಗಿಸಿ. ಅಲುಗಿದರೆ ಅದೇ ಮಾದರಿಯ ಇನ್ನೊಂದನ್ನು ತೆಗೆಸಿ ನೋಡಿ.