ಗೋಣಿಕೊಪ್ಪದಲ್ಲಿ ಕುಳಿತು ಕ್ರಾಯ್ಡನ್ ಫ್ಲ್ಯಾಟಿನ ಲೀಸ್ ವಿಸ್ತರಿಸಿದ್ದು: ವಕೀಲರಿಗೆ ಮೂರೂವರೆ ನಕ್ಷತ್ರ

ಇಪ್ಪತ್ತಾರು ವರ್ಷ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು, ಈಗ ಗೋಣಿಕೊಪ್ಪದ ಹತ್ತಿರದ ಅಪ್ಪನ ಕಾಫಿ ತೋಟಕ್ಕೆ ಮರಳಿದ್ದೇನೆ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ ಒಂದು ಫ್ಲ್ಯಾಟ್ ಉಳಿದಿದೆ. ಮಳೆಗಾಲದಲ್ಲಿ ತೋಟದಾಳುಗಳ ಬಟವಾಡೆ ನಡೆಯುವುದು ಅದರ ಬಾಡಿಗೆಯಿಂದಲೇ. ಅದರ ಲೀಸ್ ವಿಸ್ತರಿಸಿಕೊಟ್ಟ ಅಲ್ಲಿನ ವಕೀಲರ ಕಚೇರಿಯ ಬಗ್ಗೆ ಈ ಬರಹ. ಹೊಗಳಿಕೆಯಷ್ಟೇ ಬೈಗುಳವೂ ಇರುವುದರಿಂದ ಹೆಸರು ಬರೆಯುವುದಿಲ್ಲ.

‘ದುಡ್ಡು ಕೊಟ್ಟು ಕೊಂಡ ಮನೆಗೆ ಲೀಸ್ ಎಂಥದು?’ ಎಂದು ಚಿಕ್ಕಪ್ಪ ಕೇಳಿದರು. ಇಲ್ಲಿ ಲೀಸ್ ಎಂದರೆ ಒಂದಿಷ್ಟು ಲಕ್ಷ ಮುಂಗಡ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು. ತಲೆತಲಾಂತರದಿಂದ ಬರುವ ಜಮ್ಮಾ ಜಮೀನಿನ ಮನೆತನದವರಿಗಂತೂ ನೆಲಕ್ಕೆ ಕೊನೆಯ ದಿನಾಂಕ ಇರುತ್ತದೆ ಎಂದರೆ ನಂಬಿಕೆಯೇ ಬಾರದು. ಅಲ್ಲಿ ಹಾಗಲ್ಲ. ನೆಲವೂ ಕಟ್ಟಡವೂ ಇನ್ನೊಬ್ಬರವು. ನಾವು ಕೊಂಡಿರುವುದು ವರ್ಷಗಳನ್ನು. ನನ್ನದು 2005ರ ಮಾರ್ಚ್ 25ರಿಂದ 99 ವರ್ಷ. ಉಳಿದ ಅವಧಿ 80 ವರ್ಷಕ್ಕಿಂತ ಕೆಳಗೆ ಇಳಿಯಿತೋ, ವಿಸ್ತರಣೆಯಿಂದ ಹೆಚ್ಚುವ ಮೌಲ್ಯದಲ್ಲಿ ಅರ್ಧವನ್ನು ಒಡೆಯನಿಗೆ ಕೊಡಬೇಕು. ‘ಮ್ಯಾರೇಜ್ ವ್ಯಾಲ್ಯೂ’ ಎಂದು ಅದರ ಹೆಸರು. ಮದುವೆಗೂ ಅದಕ್ಕೂ ಹೋಲಿಕೆ ಇರುವುದು ಖರ್ಚಿನಲ್ಲಿ ಮಾತ್ರ. ನಾನು ಇದನ್ನು ಲೆಕ್ಕ ಹಾಕಿದ್ದು 2023ರ ನವೆಂಬರಿನಲ್ಲಿ. ಕೈಯಲ್ಲಿ ಉಳಿದಿದ್ದು ನಾಲ್ಕು ತಿಂಗಳು.

ಈ ಕಚೇರಿಯವರ ನಿಜವಾದ ಗುಣ ಕಂಡದ್ದು ಅಲ್ಲಿಯೇ. ಮೊದಲ ಫೋನಿನಲ್ಲೇ ದಿನಾಂಕ ಕೇಳಿ, ‘ನೋಟಿಸ್ ತಲುಪಿದ ದಿನದ ಲೆಕ್ಕವೇ ಲೆಕ್ಕ, ಆಮೇಲೆ ಚೌಕಾಸಿ ವರ್ಷ ಹಿಡಿದರೂ ಚಿಂತೆಯಿಲ್ಲ’ ಎಂದರು. ಲೀಸ್ ವಿಸ್ತರಣೆ ಕೇಳುವ, 1993ರ ಕಾಯ್ದೆಯ 42ನೇ ಸೆಕ್ಷನ್ನಿನ ನೋಟಿಸ್ ಜನವರಿ 18ಕ್ಕೆ ಒಡೆಯನ ಕೈ ಸೇರಿತು. ಆಗ ಇಲ್ಲಿ ರೋಬಸ್ಟಾ ಕೊಯ್ಲು. ನನಗೆ ಕೂರಲು ಪುರುಸೊತ್ತಿರಲಿಲ್ಲ, ಅವರೂ ಸುಮ್ಮಸುಮ್ಮನೆ ಕಾಡಲಿಲ್ಲ.

ಕಾಡಿದ್ದು ಆಮೇಲೆ. ನನ್ನ ಕಡತ ಮೂರು ಕೈ ಬದಲಾಯಿತು. ಪ್ರತಿ ಹೊಸಬರೂ ಪಾಸ್‌ಪೋರ್ಟಿನ ದೃಢೀಕೃತ ಪ್ರತಿಯನ್ನು ಮತ್ತೆ ಕೇಳಿದರು. ಒಮ್ಮೆ ನೋಟರಿಯ ಮೊಹರು ನನ್ನ ಮುಖದ ಮೇಲೆಯೇ ಬಿದ್ದು, ಮೂಗಿನಿಂದ ಕೆಳಗೆ ನೀಲಿ ಗಡ್ಡ ಬೆಳೆದಂತೆ ಕಾಣುತ್ತಿತ್ತು, ಅದು ತಿರಸ್ಕೃತವಾಯಿತು. ಮೂರನೆಯವನಂತೂ ‘ಈ ವಾರ ಕಚೇರಿಯ ಕಡೆ ಬಂದು ಹೋಗಬಹುದೇ?’ ಎಂದು ಬರೆದ. ವಿಳಾಸದಲ್ಲಿ ದಕ್ಷಿಣ ಕೊಡಗು ಎಂದಿದ್ದನ್ನು ಲಂಡನ್ನಿನ ಯಾವುದೋ ಬಡಾವಣೆ ಎಂದುಕೊಂಡಿರಬೇಕು.

ಒಡೆಯನ ಉತ್ತರದ ನೋಟಿಸ್ ಗಡುವಿಗೆ ಒಂದು ದಿನ ಮುಂಚೆ, ಮಾರ್ಚ್ 21ಕ್ಕೆ ಬಂತು. ಅಂಗಳದಲ್ಲಿ ಮೆಣಸು ಒಣಹಾಕಿದ್ದೆ. ಒಂದು ಕೈಯಲ್ಲಿ ಕಾಳು ಕೆದಕುತ್ತಾ ಇನ್ನೊಂದರಲ್ಲಿ ಮೊಬೈಲ್ ಹಿಡಿದು ಓದಿದರೆ, ಹೊಸ ಲೀಸಿನ ವಾರ್ಷಿಕ ನೆಲಬಾಡಿಗೆ ಒಂದು ಕರಿಮೆಣಸಿನ ಕಾಳು, ಅದೂ ಕೇಳಿದರೆ ಮಾತ್ರ ಎಂದಿತ್ತು! ಬಾಡಿಗೆ ಇಲ್ಲ ಎನ್ನಲು ಇಂಗ್ಲಿಷ್ ಕಾನೂನಿನ ಹಳೆಯ ಪದ್ಧತಿ ಅದು. ಅಲ್ಲಿಯವರೆಗೆ ವರ್ಷಕ್ಕೆ 250 ಪೌಂಡ್ ಕಟ್ಟುತ್ತಿದ್ದೆ. ಕಾಲಡಿಯಲ್ಲಿ ಕೆಲವು ಸಾವಿರ ವರ್ಷಗಳ ಬಾಡಿಗೆ ಬಿಸಿಲು ಕಾಯುತ್ತಿತ್ತು.

ಕಾಳಿನ ಔದಾರ್ಯ ಪ್ರೀಮಿಯಂನಲ್ಲಿ, ಅಂದರೆ ವಿಸ್ತರಣೆಗೆ ಒಡೆಯನಿಗೆ ಕೊಡುವ ಮೊತ್ತದಲ್ಲಿ, ಇರಲಿಲ್ಲ. ನಾವು 7,000 ಪೌಂಡ್ ಎಂದಿದ್ದೆವು, ಅವರು 14,200 ಎಂದರು. ಇಲ್ಲಿ ದುಡಿದವರು ವಕೀಲರು ಗೊತ್ತುಮಾಡಿದ ಮೌಲ್ಯಮಾಪಕರು. ನಾನು ಸ್ವಂತ ಖರ್ಚಿನಲ್ಲಿ ಹಾಕಿಸಿದ ಎರಡನೇ ಸ್ನಾನಗೃಹವನ್ನೂ ಒಡೆಯನ ಕಡೆಯವರು ಬೆಲೆಗೆ ಸೇರಿಸಿದ್ದರು. ಲೀಸ್‌ದಾರ ಮಾಡಿಸಿದ ಸುಧಾರಣೆಯನ್ನು ಲೆಕ್ಕದಿಂದ ಬಿಡಬೇಕು ಎಂದು ಅದನ್ನು ತೆಗೆಸಿದರು. ನಡುವೆ, ಮೇ 24ರಂದು ಅಲ್ಲಿ ಹೊಸ ಕಾಯ್ದೆಯೇ ಆಯಿತು: ವಿಸ್ತರಣೆ 90 ವರ್ಷದ ಬದಲು 990. ‘ಇದನ್ನು ಬಿಟ್ಟು ಅದಕ್ಕೆ ಕಾಯಿ’ ಎಂದು ಭಾವ ಹಟ ಹಿಡಿದರು. ಕಾಯ್ದೆಯಾಗುವುದು ಬೇರೆ, ಆ ಭಾಗ ಜಾರಿಗೆ ಬರುವುದು ಬೇರೆ ಎಂದು ವಕೀಲರು ಒಂದೇ ಸಾಲಿನಲ್ಲಿ ಬರೆದರು. ನಾನು ಕಾಯಲಿಲ್ಲ. ಜುಲೈ ಮಳೆಗೆ ಮೂರು ದಿನ ಕರೆಂಟಿಲ್ಲದೆ ಅವರ ಇಮೇಲ್ ತೆರೆಯದೇ ಬಿದ್ದಿತ್ತು. ಆಗಸ್ಟಿನಲ್ಲಿ 9,600ಕ್ಕೆ ಒಪ್ಪಂದವಾಯಿತು.

ಲೀಸ್ ಪತ್ರಕ್ಕೆ ಸಾಕ್ಷಿಯಾಗಿ ಪಕ್ಕದ ತೋಟದ ನಿವೃತ್ತ ಮೇಷ್ಟ್ರು ಕನ್ನಡದಲ್ಲಿ ಸಹಿ ಹಾಕಿದರು. ಲಂಡನ್ನಿನಿಂದ ‘ಈ ಚಿತ್ರ ಏನು?’ ಎಂಬ ಅರ್ಥದ ಪ್ರಶ್ನೆ ಬಂತು. ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಬರೆಸಿ ಮತ್ತೆ ಕೊರಿಯರ್ ಮಾಡಿದೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಕೆಲಸ ಮುಗಿದು, ಅವಧಿ 2194ರವರೆಗೆ ಮುಂದೆ ಹೋಯಿತು.

ಪ್ರೀಮಿಯಂ ಬಿಟ್ಟು ವಕೀಲರಿಗೆ ತೆರಿಗೆ ಸೇರಿ 1,400 ಪೌಂಡ್, ಮೌಲ್ಯಮಾಪಕರಿಗೆ 780. ಎರಡನ್ನೂ ಮೊದಲೇ ಹೇಳಿದ್ದರು, ಒಂದು ಪೆನ್ನಿ ಹೆಚ್ಚಾಗಲಿಲ್ಲ. ಆದರೆ ಒಡೆಯನ ಕಡೆಯ ವಕೀಲರ ಮತ್ತು ಮೌಲ್ಯಮಾಪನದ ನ್ಯಾಯಯುತ ವೆಚ್ಚವನ್ನೂ ಕಾನೂನಿನಂತೆ ನಾವೇ ಭರಿಸಬೇಕು. ಆ ಮಾತು ಅವರ ಮೊದಲ ಪತ್ರದ ಹಿಂಬದಿಯಲ್ಲಿ ಅರ್ಧ ಸಾಲು ಇತ್ತು, ಎಷ್ಟಾಗಬಹುದು ಎಂಬ ಅಂದಾಜು ಕೊನೆಯವರೆಗೂ ಇರಲಿಲ್ಲ. ಬಿಲ್ಲು ಬಂದದ್ದು 2,150. ಒಂದು ನಕ್ಷತ್ರ ಕಳೆದದ್ದು ಇದಕ್ಕೆ, ಉಳಿದರ್ಧ ಆ ಮೂರು ಪಾಸ್‌ಪೋರ್ಟ್ ಪ್ರತಿಗಳಿಗೆ. ಊರಿಗೆ ಮರಳಿ, ಅಲ್ಲಿ ಫ್ಲ್ಯಾಟ್ ಉಳಿಸಿಕೊಂಡವರು ಇಂಥ ಕಚೇರಿಗೆ ಬರೆಯುವುದಾದರೆ ಆ ಅಂದಾಜನ್ನೂ, ಕೊನೆಯವರೆಗೆ ಕಡತ ನೋಡುವವರ ಹೆಸರನ್ನೂ ಮೊದಲ ಪತ್ರದಲ್ಲೇ ಕೇಳಿಬಿಡಿ.